ಕಾನೂನಿಗೆ ಹುಡುಗನೂ ಮಗುವೇ. ಆಸ್ಪತ್ರೆಗೆ, ಠಾಣೆಗೆ, ಕೋರ್ಟಿಗೆ?

ಕರ್ನಾಟಕ ಸರ್ಕಾರದ ಆರೋಗ್ಯ, ಗೃಹ, ಕಾನೂನು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಕಾರ್ಯದರ್ಶಿಗಳಿಗೆ, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೆ ಮತ್ತು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಅಧ್ಯಕ್ಷರಿಗೆ

ಮಾನ್ಯರೇ,

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. 18 ತುಂಬದ ಯಾರೇ ಆದರೂ ಮಗು ಎಂದು ಅದು ಹೇಳುತ್ತದೆ. ಹುಡುಗ, ಹುಡುಗಿ ಎಂಬ ಭೇದ ಮಾಡುವುದಿಲ್ಲ. ಹಾಗೆ ಬರೆಯಲು ಕಾರಣವೂ ಇತ್ತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಲೈಂಗಿಕ ದೌರ್ಜನ್ಯ ಎದುರಿಸಿದ್ದೇವೆ ಎಂದ ಮಕ್ಕಳಲ್ಲಿ ಶೇ 52.94ರಷ್ಟು ಹುಡುಗರೇ ಇದ್ದರು. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೆ ನಮ್ಮ ಹುಡುಗರ ಸ್ಥಿತಿ ಬೇರೆ ಎನ್ನಲು ಯಾವ ಆಧಾರವೂ ಇಲ್ಲ.

ಕಾಯ್ದೆ ಭೇದ ಮಾಡದಿದ್ದರೂ ಅದನ್ನು ನಡೆಸುವ ಕೈಗಳು ಮಾಡುತ್ತವೆ. ನಮೂನೆಯ ಕಾಗದ, ಪರೀಕ್ಷೆಯ ಕೋಣೆ, ಠಾಣೆಯ ಪ್ರಶ್ನೆ, ಸಾಕ್ಷಿಕಟ್ಟೆಯ ವಾತಾವರಣ ಎಲ್ಲವೂ ಹೆಣ್ಣುಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಅವು ಹೆಣ್ಣುಮಕ್ಕಳಿಗೆ ಬೇಕೇ ಬೇಕು, ಅದರಲ್ಲಿ ಒಂದು ಕೂದಲೂ ಕಡಿಮೆಯಾಗಬಾರದು. ಹುಡುಗ ಬಂದಾಗ ಏನು ಮಾಡಬೇಕು ಎಂಬುದನ್ನು ಯಾರೂ ಬರೆದಿಟ್ಟಿಲ್ಲ ಎಂಬುದಷ್ಟೇ ನಮ್ಮ ದೂರು. ಇದರಲ್ಲಿ ಮುಕ್ಕಾಲು ಪಾಲನ್ನು ಸುತ್ತೋಲೆಯಿಂದಲೇ ಸರಿಪಡಿಸಬಹುದು. ಉಳಿದ ಕಾಲು ಭಾಗಕ್ಕೆ ವಿಧಾನಸಭೆ ಬೇಕು.

ಮೊದಲು ಆಸ್ಪತ್ರೆಯ ಮಾತು. ಹೆಣ್ಣುಮಗು ಬಂದರೆ ಸ್ತ್ರೀರೋಗ ವಿಭಾಗಕ್ಕೆ ಕಳಿಸುವುದು ಎಲ್ಲರಿಗೂ ಗೊತ್ತು. ಹುಡುಗ ಬಂದರೆ ಕ್ಯಾಶುವಾಲ್ಟಿಯಿಂದ ಮಕ್ಕಳ ವಿಭಾಗಕ್ಕೆ, ಅಲ್ಲಿಂದ ಸರ್ಜರಿಗೆ, ಅಲ್ಲಿಂದ ವಿಧಿವಿಜ್ಞಾನ ವಿಭಾಗಕ್ಕೆ ಚೀಟಿ ಅಲೆಯುತ್ತದೆ. ಪ್ರತಿ ಮೇಜಿನಲ್ಲೂ ‘ಏನಾಯ್ತಪ್ಪ?’ ಎಂಬ ಪ್ರಶ್ನೆ, ಸುತ್ತ ಹತ್ತು ಜನ. ನಾಲ್ಕನೇ ಸಲಕ್ಕೆ ಹುಡುಗ ‘ಏನಿಲ್ಲ, ಬಿದ್ದೆ’ ಎಂದುಬಿಡುತ್ತಾನೆ. ಆ ‘ಬಿದ್ದೆ’ ಯಾವುದೋ ಓಪಿಡಿ ಚೀಟಿಯಲ್ಲಿ ದಾಖಲಾಗಿ, ವರ್ಷಗಳ ಮೇಲೆ ಪಾಟೀಸವಾಲಿನಲ್ಲಿ ಎದ್ದು ಬರುತ್ತದೆ. ಆರೋಗ್ಯ ಇಲಾಖೆ ಹೊರಡಿಸಬೇಕಾದ ಆದೇಶ ಚಿಕ್ಕದು: 18ರೊಳಗಿನ ಹುಡುಗನ ಪ್ರಕರಣಕ್ಕೆ ಮಕ್ಕಳ ತಜ್ಞರೇ ಹೊಣೆ, ರಕ್ತಸ್ರಾವ ಅಥವಾ ಹರಿದ ಗಾಯ ಇದ್ದರೆ ಸರ್ಜನ್ ಬರಬೇಕು, ಹುಡುಗ ಒಂದೇ ಕೋಣೆಯಲ್ಲಿರಬೇಕು, ವೈದ್ಯರು ಅವನಿದ್ದಲ್ಲಿಗೆ ಹೋಗಬೇಕು, ಏನಾಯಿತು ಎಂಬುದನ್ನು ಒಬ್ಬರೇ ಕೇಳಿ ಬರೆದುಕೊಳ್ಳಬೇಕು, ಉಳಿದವರು ಆ ಬರಹ ಓದಬೇಕು. ದೌರ್ಜನ್ಯಕ್ಕೊಳಗಾದವರಿಗೆ ಒಂದೇ ಕಡೆ ನೆರವು ಕೊಡುವ ‘ಸಖಿ’ ಕೇಂದ್ರಗಳ ಯೋಜನೆಯಂತೂ ಮಹಿಳೆಯರಿಗೆ, ಹೆಣ್ಣುಮಕ್ಕಳಿಗೆ ಎಂದೇ ರೂಪಿಸಿದ್ದು. ಹುಡುಗನಿಗೆ ಆ ಬಾಗಿಲು ಇಲ್ಲ. ಹಾಗಾಗಿ ಆಸ್ಪತ್ರೆಯೊಳಗಿನ ಈ ಒಂದು ಕೋಣೆ ಅವನ ಪಾಲಿಗೆ ಇನ್ನಷ್ಟು ಮುಖ್ಯ.

‘ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿಕೊಂಡು ಬನ್ನಿ’ ಎಂಬ ಮಾತು ಇನ್ನೂ ಕೇಳಿಬರುತ್ತಿದೆ. ಎಫ್‌ಐಆರ್ ಆಗದಿದ್ದರೂ ಪರೀಕ್ಷೆ ಮಾಡಬಹುದು ಎಂದು ಪೋಕ್ಸೊ ಸೆಕ್ಷನ್ 27 ಹೇಳುತ್ತದೆ. ಚಿಕಿತ್ಸೆಗೆ ಪೊಲೀಸರ ಅಥವಾ ಮ್ಯಾಜಿಸ್ಟ್ರೇಟರ ಪತ್ರ ಕೇಳಬಾರದು ಎಂದು 2020ರ ಪೋಕ್ಸೊ ನಿಯಮಗಳ 6ನೇ ನಿಯಮ ಹೇಳುತ್ತದೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 397ರ ಪ್ರಕಾರ ಖಾಸಗಿ ಆಸ್ಪತ್ರೆಯೂ ತಕ್ಷಣ, ಪುಕ್ಕಟೆಯಾಗಿ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ಐಪಿಸಿಯ ಬದಲಿಗೆ ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 200ರಡಿ ಒಂದು ವರ್ಷದವರೆಗೆ ಜೈಲು. ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕ್ಯಾಶುವಾಲ್ಟಿಯ ಮೇಜಿನ ಗಾಜಿನ ಕೆಳಗೆ ಇಡಿಸಿ.

ಯಾರು ಪರೀಕ್ಷಿಸಬೇಕು ಎಂಬಲ್ಲಿ ಕಾಯ್ದೆಯಲ್ಲೇ ಒಂದು ಬಿರುಕಿದೆ. ಹೆಣ್ಣುಮಗುವಾದರೆ ಮಹಿಳಾ ವೈದ್ಯರು ಎಂದು ಸೆಕ್ಷನ್ 27(2) ಸ್ಪಷ್ಟವಾಗಿ ಹೇಳುತ್ತದೆ. ಹುಡುಗನ ಬಗ್ಗೆ ಮೌನ. ಹೆತ್ತವರಾಗಲಿ ನಂಬಿಕಸ್ಥರಾಗಲಿ ಬರಲಾಗದಿದ್ದರೆ ಆಸ್ಪತ್ರೆ ಮುಖ್ಯಸ್ಥರು ನೇಮಿಸಿದ ಮಹಿಳೆಯೊಬ್ಬರು ಹಾಜರಿರಬೇಕು ಎಂಬುದು 27(4). ಅಂದರೆ 15 ವರ್ಷದ ಹುಡುಗ ಗುರುತಿಲ್ಲದ ಸಿಸ್ಟರ್ ಎದುರು ಬಟ್ಟೆ ಬಿಚ್ಚಬೇಕು. ಹುಡುಗನಿಗೆ ಗಂಡು ವೈದ್ಯರೇ ಸರಿ ಎಂದು ತೀರ್ಮಾನಿಸುವುದೂ ತಪ್ಪು, ಏಕೆಂದರೆ ಅವನನ್ನು ನೋಯಿಸಿದವನು ಹೆಚ್ಚಿನ ಪಾಲು ಗಂಡಸೇ. ಅವನನ್ನೇ ಕೇಳಿ: ‘ಡಾಕ್ಟರ್ ಗಂಡಸಾಗಿರಲಾ, ಹೆಂಗಸಾಗಿರಲಾ? ಜೊತೆಗೆ ಯಾರು ಇರಬೇಕು?’ ಅವನು ಹೇಳಿದವರು ಚಿಕ್ಕಪ್ಪನಿರಲಿ, ಮೇಷ್ಟ್ರಿರಲಿ, ತನಿಖೆ, ವಿಚಾರಣೆಯುದ್ದಕ್ಕೂ ಮಗುವಿಗೆ ಜೊತೆಯಾಗಲು ನೇಮಕವಾದ ಬೆಂಬಲ ವ್ಯಕ್ತಿಯಿರಲಿ, 27(3)ರಡಿ ‘ಮಗು ನಂಬುವ ವ್ಯಕ್ತಿ’ ಆಗುತ್ತಾರೆ. ಆಗ 27(4)ರ ಪ್ರಸಂಗವೇ ಬರುವುದಿಲ್ಲ. ಬಂದರೂ ಆ ಮಹಿಳೆ ಪರದೆಯ ಈಚೆ ನಿಂತರೆ ಕಾನೂನಿಗೆ ಲೋಪವಿಲ್ಲ, ಹುಡುಗನ ಮಾನಕ್ಕೂ ಇಲ್ಲ.

ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಪ್ರಕಾರ 12 ತುಂಬಿದ ಮಗುವಿನ ಒಪ್ಪಿಗೆಯನ್ನೇ ಪಡೆಯಬೇಕು. ಅಪ್ಪನ ಒಂದು ಸಹಿ ಹಾಕಿಸಿಕೊಂಡು ಮುಗಿಸುವುದು ಒಪ್ಪಿಗೆಯಲ್ಲ. ಪರೀಕ್ಷೆಗೆ, ಮಾದರಿ ಸಂಗ್ರಹಕ್ಕೆ, ಫೋಟೊಗೆ, ಪೊಲೀಸರಿಗೆ ತಿಳಿಸುವುದಕ್ಕೆ ಬೇರೆ ಬೇರೆಯಾಗಿ ಕೇಳಬೇಕು. ಕೊನೆಯದರಲ್ಲಿ ಒಂದು ಸೂಕ್ಷ್ಮವಿದೆ: ಪೋಕ್ಸೊ ಸೆಕ್ಷನ್ 19ರಂತೆ ಪೊಲೀಸರಿಗೆ ವರದಿ ಮಾಡುವುದು ವೈದ್ಯರಿಗೂ ಕಡ್ಡಾಯ, ಮಾಡದಿದ್ದರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಶಿಕ್ಷೆ. ಹಾಗಾಗಿ ಇದನ್ನು ಹುಡುಗನಿಗೆ ಅವನು ಬಾಯಿ ಬಿಡುವ ಮುಂಚೆಯೇ ಹೇಳಬೇಕು. ‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಟ್ಟು, ಕೇಳಿಸಿಕೊಂಡು, ಆಮೇಲೆ ಠಾಣೆಗೆ ಫೋನ್ ಮಾಡುವುದು ಎರಡನೇ ವಿಶ್ವಾಸದ್ರೋಹ. ವರದಿ ಕಡ್ಡಾಯ, ದೇಹ ಪರೀಕ್ಷೆ ಕಡ್ಡಾಯವಲ್ಲ. ‘ಬೇಡ’ ಎಂದರೆ ಅದನ್ನು ಬರೆದು, ಚಿಕಿತ್ಸೆ ಮುಂದುವರಿಸಬೇಕು.

ಪರೀಕ್ಷೆಯ ಭಂಗಿಯ ಬಗ್ಗೆ ಪಠ್ಯಪುಸ್ತಕಗಳು ಹೆಚ್ಚು ಹೇಳುವುದಿಲ್ಲ. ಮೊಣಕಾಲೂರಿ ಬೋರಲಾಗಿ ಇರಿಸುವುದನ್ನು ಬಿಡಬೇಕು. ದೌರ್ಜನ್ಯ ನಡೆದ ಭಂಗಿ ಅದೇ ಆಗಿರುವ ಸಾಧ್ಯತೆ ಹೆಚ್ಚು, ಹುಡುಗ ಅಲ್ಲೇ ಮರಗಟ್ಟುತ್ತಾನೆ. ಎಡ ಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಚಿಸಿದರೆ ಸಾಕು. ಒಮ್ಮೆಗೆ ಅರ್ಧ ದೇಹ ಮಾತ್ರ ತೆರೆಯಬೇಕು, ಉಳಿದದ್ದಕ್ಕೆ ಹೊದಿಕೆ. ಗುದದ ಬಿಗಿ ಅಳೆಯಲು ಬೆರಳು ಹಾಕುವುದು ನೋವಲ್ಲದೆ ಇನ್ನೇನನ್ನೂ ಕೊಡುವುದಿಲ್ಲ. ಮಹಿಳೆಯರ ಮೇಲಿನ ಎರಡು ಬೆರಳಿನ ಪರೀಕ್ಷೆ ನಡೆಸುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿತು. ಅದೇ ತರ್ಕ ಹುಡುಗರಿಗೂ ಸಲ್ಲುತ್ತದೆ ಎಂದು ಇಲಾಖೆ ಬರವಣಿಗೆಯಲ್ಲಿ ಹೇಳಲಿ.

ಮಾದರಿಗಳು ಹಾಳಾಗುವುದು ಬಹುತೇಕ ಪ್ಲಾಸ್ಟಿಕ್‌ನಿಂದ. ಒದ್ದೆ ಸ್ವಾಬನ್ನಾಗಲಿ (ಮಾದರಿ ತೆಗೆದ ಹತ್ತಿಕಡ್ಡಿ) ಚಡ್ಡಿಯನ್ನಾಗಲಿ ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲ್ ಮಾಡಿದರೆ ಬೂಸ್ಟು ಹಿಡಿದು ಡಿಎನ್‌ಎ ನಾಶವಾಗುತ್ತದೆ. ನೆರಳಿನ ಗಾಳಿಯಲ್ಲಿ ಒಣಗಿಸಿ, ಪ್ರತಿ ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಡಬೇಕು. ಒಗೆದ ಬಟ್ಟೆ ಎಂದು ಬಿಸಾಡಬಾರದು. ಜನನಾಂಗ, ಗುದದ ಮಾದರಿಗೆ ಸಾಮಾನ್ಯವಾಗಿ 96 ಗಂಟೆ ಮಿತಿ. ಬಾಯಿಯದು ಇನ್ನೂ ಬೇಗ ಕಳೆದುಹೋಗುತ್ತದೆ. ಹಾಗಾಗಿ ಹುಡುಗನಿಗೆ ಹಸಿವಾಗಿದ್ದರೆ ಬಾಯಿಯ ಸ್ವಾಬನ್ನು ಮೊದಲು ತೆಗೆದು ಆಮೇಲೆ ಇಡ್ಲಿ ಕೊಡಿ. ಮಾದರಿಗೋಸ್ಕರ ಮಗುವನ್ನು ಗಂಟೆಗಟ್ಟಲೆ ಉಪವಾಸ ಕೂರಿಸುವುದು ನಡೆಯುತ್ತಿದೆ, ನಡೆಯಬಾರದು.

ಹುಡುಗರ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಎಚ್‌ಐವಿ ತಡೆ ಔಷಧ. ಗರ್ಭದ ಆತಂಕ ಇಲ್ಲವಾದ್ದರಿಂದ ಯಾರಿಗೂ ಗಡಿಯಾರ ಕಾಣುವುದಿಲ್ಲ. ಮೊದಲ ಡೋಸ್ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಹೋಗಬೇಕು. ಆಮೇಲೆ 28 ದಿನ ತಪ್ಪದೆ. ಶನಿವಾರ ರಾತ್ರಿ ಬಂದ ಹುಡುಗನಿಗೆ ‘ಎಆರ್‌ಟಿ ಕೇಂದ್ರ (ಎಚ್‌ಐವಿ ಔಷಧ ಕೊಡುವಲ್ಲಿ) ಸೋಮವಾರ ತೆರೆಯುತ್ತೆ’ ಎಂದರೆ ಆ 72ರಲ್ಲಿ ಅರ್ಧ ಹೋದಂತೆಯೇ. ತೂಕಕ್ಕೆ ತಕ್ಕ ಮಕ್ಕಳ ಡೋಸ್ ಸೇರಿದಂತೆ ಮೊದಲ ಮೂರು ದಿನದ ಮಾತ್ರೆ ಪ್ರತಿ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೇ ಇರಲಿ. ಲಸಿಕೆ ಆಗಿರದಿದ್ದರೆ ಹೆಪಟೈಟಿಸ್ ಬಿ ಈಗ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮುಂದಿನ ರಕ್ತಪರೀಕ್ಷೆಯ ದಿನಾಂಕ ಬರೆಯುವ ಕಾರ್ಡಿನ ಮೇಲೆ ಕಾಯಿಲೆಯ ಹೆಸರು, ವಿಭಾಗದ ಹೆಸರು ಬೇಡ. ಅದು ಶಾಲೆಯ ಬ್ಯಾಗಿನಲ್ಲಿ ಸಿಕ್ಕರೂ ಯಾರಿಗೂ ಏನೂ ತಿಳಿಯಬಾರದು.

ಕೊನೆಗೆ ಅಭಿಪ್ರಾಯದ ಸಾಲು. ಗುದದ ಒಳಪದರ ಕೆಲವೇ ದಿನಗಳಲ್ಲಿ ಮಾಯುತ್ತದೆ. ಬೆದರಿಸಿಯೋ ಪುಸಲಾಯಿಸಿಯೋ ಮಾಡಿದ ಕೃತ್ಯದಲ್ಲಿ, ಜಾರುವ ಎಣ್ಣೆ ಬಳಸಿದಲ್ಲಿ ಗಾಯವೇ ಆಗಿರದು. ಬಾಯಿಗೆ ಸಂಬಂಧಿಸಿದ ಕೃತ್ಯದಲ್ಲಿ ಗುರುತು ಹುಡುಕುವುದೇ ವ್ಯರ್ಥ. ಆದರೂ ‘ಲೈಂಗಿಕ ದೌರ್ಜನ್ಯ ನಡೆದ ಕುರುಹು ಇಲ್ಲ’ ಎಂಬ ಒಂದು ಸಾಲು ಬರೆದು ಮುಗಿಸುತ್ತಾರೆ, ಖುಲಾಸೆಯ ಬಾಗಿಲು ಅಲ್ಲೇ ತೆರೆದುಕೊಳ್ಳುತ್ತದೆ. ಬರೆಯಬೇಕಾದದ್ದು ಹೀಗೆ: ‘ಪರೀಕ್ಷೆಯ ವೇಳೆ ಗಾಯ ಕಂಡುಬಂದಿಲ್ಲ. ಘಟನೆ ನಡೆದು ಇಷ್ಟು ದಿನವಾಗಿದೆ. ಗಾಯ ಇಲ್ಲದಿರುವುದು ಹುಡುಗ ಹೇಳಿದ ವಿವರಕ್ಕೆ ವಿರುದ್ಧವಲ್ಲ.’ ಅದರ ಮೇಲೆ, ಹುಡುಗ ಹೇಳಿದ ವಿವರ ಅವನದೇ ಮಾತಿನಲ್ಲಿ, ಉದ್ಧರಣ ಚಿಹ್ನೆಯೊಳಗೆ. ಹಲವೆಡೆ ಇನ್ನೂ ಬಳಕೆಯಲ್ಲಿರುವ ಹಳೆಯ ನಮೂನೆಗಳಲ್ಲಿ ಕನ್ಯಾಪೊರೆ, ಕೊನೆಯ ಮುಟ್ಟು ಎಂಬ ಅಂಕಣಗಳೇ ತುಂಬಿವೆ. ಹುಡುಗ ಬಂದರೆ ಅವುಗಳಿಗೆ ಅಡ್ಡಗೆರೆ ಎಳೆದು, ಬೇಕಾದ್ದನ್ನು ಅಂಚಿನಲ್ಲಿ ಗೀಚುತ್ತಾರೆ. 2014ರ ಮಾರ್ಗಸೂಚಿಯ ನಮೂನೆಯನ್ನು ಎಲ್ಲೆಡೆ ಕಡ್ಡಾಯ ಮಾಡಿ, ಹಳೆಯ ಪ್ಯಾಡುಗಳನ್ನು ವಾಪಸ್ ತರಿಸಿಕೊಳ್ಳಿ.

ಗೃಹ ಇಲಾಖೆಗೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಪಿಎಸ್‌ಐ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿ ದಾಖಲಿಸಬೇಕು ಎಂದು ಸೆಕ್ಷನ್ 24 ಹೇಳುತ್ತದೆ. ಹುಡುಗನಾದರೆ ಈ ಯಾವ ಎಚ್ಚರಿಕೆಯೂ ಬೇಕಿಲ್ಲ ಎಂಬ ಭಾವನೆ ಠಾಣೆಗಳಲ್ಲಿದೆ: ‘ಬಾರೋ ಮರಿ, ಕೂತ್ಕೊ, ಹೇಳು’ ಎಂದು ರೈಟರ್ ಮೇಜಿನ ಮುಂದೆಯೇ ಶುರು. ಬರಹದ ಸಮಸ್ಯೆ ಇನ್ನೂ ದೊಡ್ಡದು. ಹುಡುಗ ‘ಆ ಅಣ್ಣ ಹಿಂದಿನಿಂದ ಕೆಟ್ಟ ಕೆಲಸ ಮಾಡಿದ’ ಎಂದಿರುತ್ತಾನೆ. ಹೇಳಿಕೆಯಲ್ಲಿ ‘ಅಸ್ವಾಭಾವಿಕ ಲೈಂಗಿಕ ಸಂಭೋಗ’ ಎಂದಾಗುತ್ತದೆ. ಕೋರ್ಟಿನಲ್ಲಿ ವಕೀಲರು ಆ ಪದದ ಅರ್ಥ ಕೇಳುತ್ತಾರೆ, ಹುಡುಗ ಗೊತ್ತಿಲ್ಲವೆಂದು ತಲೆಯಾಡಿಸುತ್ತಾನೆ, ಪೊಲೀಸರೇ ಹೇಳಿಕೊಟ್ಟದ್ದು ಎಂಬ ವಾದ ಗಟ್ಟಿಯಾಗುತ್ತದೆ. ಹುಡುಗನ ಮಾತನ್ನು ಹಾಗೆಯೇ ಬರೆಯಿರಿ. ದೇಹದ ಯಾವ ಭಾಗ ಎಂದು ಚಿತ್ರದ ಮೇಲೆ ತೋರಿಸಲು ಹೇಳಿ, ಆ ಚಿತ್ರವನ್ನು ಹೇಳಿಕೆಗೆ ಲಗತ್ತಿಸಿ.

ಸೆಕ್ಷನ್ ಹಾಕುವಾಗಲೂ ಹುಡುಗರಿಗೆ ನಷ್ಟವಾಗುತ್ತಿದೆ. ಸೆಕ್ಷನ್ 3ರ ‘ಪ್ರವೇಶಿತ ಲೈಂಗಿಕ ಹಲ್ಲೆ’ಯಲ್ಲಿ ಗುದದ ಕೃತ್ಯ ಮಾತ್ರವಲ್ಲ, ಬಾಯಿಯ ಕೃತ್ಯವೂ ಸೇರಿದೆ, ಆರೋಪಿ ತಾನು ಮಾಡಿದರೂ ಮಗುವಿನಿಂದ ಮಾಡಿಸಿದರೂ ಅದೇ ಅಪರಾಧ. ಇದನ್ನು ಗಮನಿಸದೆ ಪ್ರವೇಶವಿಲ್ಲದ ಹಲ್ಲೆಯ ಸೆಕ್ಷನ್ 8 ಹಾಕಿದರೆ ಮೂರರಿಂದ ಐದು ವರ್ಷದ ಶಿಕ್ಷೆಗೆ ಇಳಿಯುತ್ತದೆ. ಸೆಕ್ಷನ್ 3ರ ಕೃತ್ಯಕ್ಕೆ 2019ರ ತಿದ್ದುಪಡಿಯ ನಂತರ ಸೆಕ್ಷನ್ 4ರಲ್ಲಿ ಕನಿಷ್ಠ 10 ವರ್ಷ, ಮಗು 16ರೊಳಗಿದ್ದರೆ ಕನಿಷ್ಠ 20. ಮಗು 12ರೊಳಗಿದ್ದರೆ ಅಥವಾ ಆರೋಪಿ ಶಿಕ್ಷಣ ಅಥವಾ ಧಾರ್ಮಿಕ ಸಂಸ್ಥೆಯ ಸಿಬ್ಬಂದಿಯಾಗಿದ್ದರೆ ಅದು ಸೆಕ್ಷನ್ 5ರ ಉಗ್ರ ಸ್ವರೂಪ, ಶಿಕ್ಷೆ ಸೆಕ್ಷನ್ 6ರಡಿ. ಉತ್ತರ ಪ್ರದೇಶದ 10 ವರ್ಷದ ಬಾಲಕನೊಬ್ಬನ ಪ್ರಕರಣದಲ್ಲಿ ಹೈಕೋರ್ಟ್ 2021ರಲ್ಲಿ ಸೆಕ್ಷನ್ 6ನ್ನು 4ಕ್ಕೆ ಇಳಿಸಿತ್ತು; 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ 6ಕ್ಕೆ ತಂದಿತು. ಉನ್ನತ ನ್ಯಾಯಾಲಯದಲ್ಲೇ ಇಷ್ಟು ಗೊಂದಲ ಆಗುವುದಾದರೆ ಠಾಣೆಯ ರೈಟರ್‌ಗೆ ಒಂದು ಪುಟದ ಪಟ್ಟಿ ಕೊಡುವುದು ಇಲಾಖೆಯ ಕೆಲಸ. ಜೊತೆಗೆ, ಕೆಲಸಕ್ಕೆ ಹೋಗುವ, ಊರು ಬಿಟ್ಟು ಬಂದ ಹುಡುಗರ ವಯಸ್ಸಿನ ದಾಖಲೆಯನ್ನು ಮೊದಲ ವಾರದಲ್ಲೇ ಹುಡುಕಿಸಿ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94ರ ಕ್ರಮ ಗೊತ್ತಿರುವುದೇ: ಶಾಲೆಯ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ.

ಮಾನಸಿಕ ಚಿಕಿತ್ಸೆಯ ವಿಷಯಕ್ಕೆ ಬಂದರೆ, ಅಳುತ್ತಾ ಬರುವ ಹುಡುಗ ಅಪರೂಪ. ಬರುವುದು ಸಿಟ್ಟು, ಹೊಡೆದಾಟ, ಶಾಲೆಗೆ ಚಕ್ಕರ್, ಸೊಲ್ಯೂಷನ್ (ನಶೆಗೆ ಮೂಸುವ ಅಂಟು) ಅಥವಾ ಗಾಂಜಾ, ಮನೆ ಬಿಟ್ಟು ಓಡುವುದು. ಚಿಕ್ಕವರಲ್ಲಿ ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು, ಮಲ ಕಟ್ಟಿಕೊಂಡು ಚಡ್ಡಿಯಲ್ಲಿ ಸೋರುವುದು, ಹೊಟ್ಟೆನೋವು, ಶಾಲೆಯ ಶೌಚಾಲಯಕ್ಕೆ ಹೋಗಲೊಲ್ಲದಿರುವುದು. ಇಂಥವರು ಮೊದಲು ಹೋಗುವುದು ಹೆಡ್‌ಮಾಸ್ಟರ ಕೋಣೆಗೆ, ಆಮೇಲೆ ಠಾಣೆಗೆ, ಕೆಲವರು ಆರೋಪಿ ಬಾಲಕರನ್ನು ಇರಿಸುವ ವೀಕ್ಷಣಾಲಯಕ್ಕೆ. ಅಲ್ಲಿ ಸಾಮಾಜಿಕ ತನಿಖಾ ವರದಿಯ ನಮೂನೆಯಲ್ಲಿ ‘ದೌರ್ಜನ್ಯಕ್ಕೆ ಒಳಗಾಗಿದ್ದನೇ?’ ಎಂಬ ಅಂಕಣವಿದೆ. ಅಪ್ಪನ ಮುಂದೆಯೋ ಕಾನ್‌ಸ್ಟೇಬಲ್ ಮುಂದೆಯೋ ಮೊದಲ ದಿನವೇ ಕೇಳಿ ‘ಇಲ್ಲ’ ಎಂದು ಬರೆದುಕೊಳ್ಳುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ, ಪರಿಚಯವಾದ ಆಪ್ತಸಮಾಲೋಚಕರು ಒಂಟಿಯಾಗಿ ಮತ್ತೊಮ್ಮೆ ಕೇಳಲೇಬೇಕು ಎಂಬ ನಿಯಮ ಮಾಡಿ. ಆರೋಪಿ ಬಾಲಕ ಸ್ವತಃ ಬಲಿಪಶುವೂ ಆಗಿರಬಹುದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಹುಡುಗರು ಒಳಗೇ ಇಟ್ಟುಕೊಳ್ಳುವ ಪ್ರಶ್ನೆಗಳಿವೆ. ಅವರು ಕೇಳುವವರೆಗೆ ಕಾಯದೆ ನಾವೇ ಉತ್ತರ ಹೇಳಬೇಕು. ಒಂದು, ‘ನನ್ನ ಮೈ ಸ್ಪಂದಿಸಿತಲ್ಲ, ಹಾಗಾದರೆ ನನಗೂ ಬೇಕಿತ್ತಾ?’ ಈರುಳ್ಳಿ ಹೆಚ್ಚಿದರೆ ಕಣ್ಣೀರು ಬರುತ್ತದೆ, ಅದು ದುಃಖವಲ್ಲ. ಇದೂ ಹಾಗೆಯೇ, ಮುಟ್ಟಿದ್ದಕ್ಕೆ ದೇಹ ತಾನಾಗಿ ತೋರುವ ಪ್ರತಿಕ್ರಿಯೆ. ಎರಡು, ‘ಯಾಕೆ ಓಡಲಿಲ್ಲ ನಾನು?’ ಭಯ ಹೆಚ್ಚಾದಾಗ ಕೈಕಾಲು ಮರಗಟ್ಟುವುದು ನರಮಂಡಲದ ಕೆಲಸ, ಅದರಲ್ಲಿ ಹೇಡಿತನದ ಪ್ರಶ್ನೆಯಿಲ್ಲ. ಮೂರನೆಯದು ತನ್ನ ಲೈಂಗಿಕತೆಯ ಬಗ್ಗೆ, ಮುಂದೆ ತಾನೂ ಹೀಗೇ ಮಾಡುವವನಾಗುತ್ತೇನೆಯೇ ಎಂಬುದರ ಬಗ್ಗೆ. ದೌರ್ಜನ್ಯ ಯಾರ ಲೈಂಗಿಕ ಒಲವನ್ನೂ ನಿರ್ಧರಿಸುವುದಿಲ್ಲ. ನೊಂದ ಹುಡುಗರಲ್ಲಿ ಹೆಚ್ಚಿನವರು ಯಾರನ್ನೂ ನೋಯಿಸುವುದಿಲ್ಲ. ಇದನ್ನು ಅಪ್ಪಂದಿರಿಗೂ ಬಿಡಿಸಿ ಹೇಳಬೇಕು. ‘ಗಂಡು ಹುಡುಗ, ಮರೀತಾನೆ ಬಿಡಿ’ ಎನ್ನುವ ಅಪ್ಪನ ಮಾತಿನ ಹಿಂದೆ ಬಹಳ ಸಲ ಇರುವುದು ಇದೇ ಭಯ.

ಆಘಾತ ಕೇಂದ್ರಿತ ಅರಿವು-ವರ್ತನೆ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ ತೆಗೆದುಕೊಳ್ಳುತ್ತದೆ. ಮೊದಲ ಭೇಟಿಗಳು ನಿದ್ದೆ, ಉಸಿರಾಟ, ಸುರಕ್ಷತೆಗೆ. ಘಟನೆಯ ಮಾತು ನಡುವಿನಲ್ಲಿ ಬರಬೇಕು, ಹೆತ್ತವರ ಜೊತೆಗಿನ ಮಾತು ಉದ್ದಕ್ಕೂ. ಮೊದಲ ದಿನವೇ ‘ಎಲ್ಲಾ ಹೇಳಿಬಿಡು, ಹಗುರಾಗುತ್ತೆ’ ಎಂದು ಬಗೆಯುವುದರಿಂದ ಹುಡುಗ ಎರಡನೇ ಭೇಟಿಗೆ ಬರುವುದಿಲ್ಲ. ನಿದ್ದೆಗೆಂದು ಬೆಂಜೊಡಯಾಜಿಪೈನ್ ಮಾತ್ರೆ ಬರೆದು ಕಳಿಸುವುದು ಆಘಾತಕ್ಕೆ ಚಿಕಿತ್ಸೆಯಲ್ಲ, ವ್ಯಸನದ ಕಡೆ ವಾಲಿರುವ ಹುಡುಗನಿಗಂತೂ ಅಪಾಯ. ಎದುರಾಬದುರು ಕೂರಿಸದೆ ಪಕ್ಕದಲ್ಲಿ ಕೂತು ಕೈಗೆ ಏನಾದರೂ ಕೆಲಸ ಕೊಟ್ಟರೆ ಹದಿಹರೆಯದವರು ಹೆಚ್ಚು ಮಾತಾಡುತ್ತಾರೆ. ಇದೆಲ್ಲ ತಾಲ್ಲೂಕಿನಲ್ಲಿ ಸಿಗಬೇಕಾದರೆ 10ರಿಂದ 19 ವರ್ಷದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್‌ಗಳ ಆಪ್ತಸಮಾಲೋಚಕರಿಗೆ ತರಬೇತಿ ಬೇಕು. ನಿಮ್ಹಾನ್ಸ್‌ನ ‘ಸಂವಾದ್’ ಈ ಕ್ಷೇತ್ರದಲ್ಲೇ ಕೆಲಸ ಮಾಡುತ್ತಿದೆ, ದೂರ ಹುಡುಕಬೇಕಿಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಮಕ್ಕಳ ಸಹಾಯವಾಣಿ 1098: ಈ ಎರಡು ಸಂಖ್ಯೆಗಳ ಭಿತ್ತಿಪತ್ರಗಳಲ್ಲಿ ಹುಡುಗನ ಚಿತ್ರವೂ ಇರಲಿ. ಸಣ್ಣ ವಿಷಯ ಅನಿಸಬಹುದು. ಆ ಫೋನು ತನಗೂ ಎಂದು ಗೊತ್ತಾಗದ ಹುಡುಗ ಕರೆ ಮಾಡುವುದಿಲ್ಲ.

ಸಾಕ್ಷ್ಯ ಮುಗಿಯುವವರೆಗೆ ಚಿಕಿತ್ಸೆ ಬೇಡ, ಕಲಿಸಿಕೊಟ್ಟಂತಾಗುತ್ತದೆ ಎಂದು ಸಲಹೆ ಕೊಡುವ ವಕೀಲರಿದ್ದಾರೆ. ಕಾನೂನಿನಲ್ಲಿ ಅಂಥ ನಿರ್ಬಂಧ ಇಲ್ಲ. ಮಾಡಬೇಕಾದದ್ದು, ಹುಡುಗ ಘಟನೆಯ ಬಗ್ಗೆ ಆಡಿದ ಮಾತನ್ನು ದಿನಾಂಕ ಸಮೇತ ಅವನ ಶಬ್ದಗಳಲ್ಲೇ ಬರೆದಿಡುವುದು, ಚಿಕಿತ್ಸಕರ ಊಹೆಯನ್ನು ಅದರೊಳಗೆ ಬೆರೆಸದಿರುವುದು.

ಇನ್ನು ನ್ಯಾಯಾಲಯ. ವಿಶೇಷ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಪರಿಗಣಿಸಿದ 30 ದಿನದೊಳಗೆ ಮಗುವಿನ ಸಾಕ್ಷ್ಯ, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂಬುದು ಪೋಕ್ಸೊ ಸೆಕ್ಷನ್ 35. ತಡವಾದಷ್ಟೂ ಹುಡುಗ ಬೆಳೆಯುತ್ತಾನೆ: 11ರಲ್ಲಿ ನೊಂದವನು 15ರಲ್ಲಿ ಮೀಸೆ ಚಿಗುರಿದ ಎತ್ತರದ ಹುಡುಗನಾಗಿ ಕಟ್ಟೆ ಹತ್ತುತ್ತಾನೆ. ನೋಡುವವರ ಕಣ್ಣಿಗೆ ಕಾಣುವುದು ಈ ಹುಡುಗ. ‘ತಳ್ಳಿ ಓಡಬಹುದಿತ್ತಲ್ಲ?’ ಎಂಬ ಪ್ರಶ್ನೆ ಆಗ ಸಹಜ ಅನಿಸಿಬಿಡುತ್ತದೆ. ಹಾಗಾಗಿ ಅಭಿಯೋಜಕರು (ಸರ್ಕಾರಿ ವಕೀಲರು) ಘಟನೆಯ ಕಾಲದ ಎತ್ತರ, ತೂಕವನ್ನು ಶಾಲೆಯ ಆರೋಗ್ಯ ತಪಾಸಣೆಯ ದಾಖಲೆಯಿಂದ, ಅಂದಿನ ಫೋಟೊವನ್ನು ಮನೆಯಿಂದ ತರಿಸಿ ಮುಖ್ಯವಿಚಾರಣೆಯಲ್ಲೇ ಸಾಕ್ಷ್ಯದ ದಾಖಲೆಯಾಗಿ ಗುರುತಿಸಬೇಕು. ಯಾರೂ ಮಾಡುತ್ತಿಲ್ಲದ, ಖರ್ಚಿಲ್ಲದ ಕೆಲಸ ಇದು.

ವಕೀಲರು ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳಬೇಕು ಎಂದು ಸೆಕ್ಷನ್ 33(2) ಹೇಳುತ್ತದೆ. ಆಕ್ರಮಣಕಾರಿ ಪ್ರಶ್ನೆ, ಚಾರಿತ್ರ್ಯಹನನ ಕೂಡದು ಎಂಬುದು 33(6). ‘ನಿನಗೂ ಹಿತ ಅನಿಸ್ತಲ್ಲವಾ’, ‘ದುಡ್ಡು ತಗೊಂಡೆಯಲ್ಲವಾ’, ‘ನೀನು ಅಂಥವನೇ ಅಲ್ಲವಾ’ ಎಂಬುವು ಈ ನಿಷೇಧದೊಳಗೆ ಬರುತ್ತವೆ ಎಂದು ನ್ಯಾಯಾಂಗ ಅಕಾಡೆಮಿಯ ತರಬೇತಿಯಲ್ಲಿ ಹೆಸರಿಸಿ ಹೇಳಬೇಕು. 18ರೊಳಗಿನವನ ಸಮ್ಮತಿಗೆ ಬೆಲೆಯೇ ಇಲ್ಲದಿರುವಾಗ ಹಿತದ ಪ್ರಶ್ನೆ ಏಕೆ? ಕರ್ನಾಟಕ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ, 13 ವರ್ಷದ ಬಾಲಕನ ಮೇಲೆ ಮಹಿಳೆಯೊಬ್ಬರು ದೌರ್ಜನ್ಯ ಎಸಗಿದ ಆರೋಪದ ಪ್ರಕರಣ ರದ್ದುಮಾಡಲು ನಿರಾಕರಿಸುವಾಗ, ಪೋಕ್ಸೊ ಲಿಂಗಭೇದ ಮಾಡದ ಕಾಯ್ದೆ ಎಂದಿತು. ಇಂಥ ಕೃತ್ಯದಲ್ಲಿ ಹೆಣ್ಣು ನಿಷ್ಕ್ರಿಯ, ಗಂಡೇ ಸಕ್ರಿಯ ಎಂಬ ವಾದವನ್ನು ತಳ್ಳಿಹಾಕಿತು. ಈ ತೀರ್ಪು ಪ್ರತಿ ವಿಶೇಷ ನ್ಯಾಯಾಲಯದ ಅಭಿಯೋಜಕರ ಕಡತದಲ್ಲಿರಲಿ. ಮರಗಟ್ಟುವಿಕೆ, ದೇಹದ ಪ್ರತಿಕ್ರಿಯೆ, ತಡವಾಗಿ ಬಾಯಿಬಿಡುವುದರ ಬಗ್ಗೆ ಮನೋವೈದ್ಯರನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 39ರಡಿ ತಜ್ಞ ಸಾಕ್ಷಿಯಾಗಿ ಕರೆಸುವ ರೂಢಿಯೂ ಬೆಳೆಯಬೇಕು.

ಬೆಂಬಲ ವ್ಯಕ್ತಿಯ ನೇಮಕ ಐಚ್ಛಿಕವಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಪಟ್ಟಿಯಲ್ಲಿ ಗಂಡಸರೂ ಇರಬೇಕು, ಆಯ್ಕೆ ಹುಡುಗನದ್ದಾಗಿರಬೇಕು. ನುರಿತ ಕಾರ್ಮಿಕನ ಕನಿಷ್ಠ ಕೂಲಿಗಿಂತ ಕಡಿಮೆಯಿಲ್ಲದ ಸಂಭಾವನೆ ಎಂದು ನಿಯಮವಿದೆ. ಅದು ತಿಂಗಳುಗಟ್ಟಲೆ ಬಾರದಿದ್ದರೆ ಒಳ್ಳೆಯವರು ಬಿಟ್ಟುಹೋಗುತ್ತಾರೆ, ಹುಡುಗ ಮತ್ತೆ ಹೊಸಬರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ತುರ್ತು ಖರ್ಚಿಗೆ ಪೋಕ್ಸೊ ನಿಯಮಗಳ 8ನೇ ನಿಯಮದಡಿ ಒಂದು ವಾರದೊಳಗೆ ಹಣ ಕೊಡಬೇಕು. ಹುಡುಗರ ಕಡತದಲ್ಲಿ ಆ ಅರ್ಜಿಯೇ ಇರುವುದಿಲ್ಲ. ಪರಿಹಾರದ ವಿಷಯದಲ್ಲಿ 2018ರ ರಾಷ್ಟ್ರೀಯ ಯೋಜನೆಯ ಶೀರ್ಷಿಕೆಯಲ್ಲಿ ‘ಮಹಿಳಾ ಸಂತ್ರಸ್ತರು’ ಎಂದಿದೆ ಎಂದು ಅರ್ಜಿ ತಿರಸ್ಕರಿಸುವಂತಿಲ್ಲ. ಮಕ್ಕಳಿಗೆ ಪರಿಹಾರ ನಿಗದಿ ಮಾಡುವಾಗ ಅದನ್ನೇ ಲಿಂಗಭೇದವಿಲ್ಲದೆ ಮಾರ್ಗಸೂಚಿಯಾಗಿ ಬಳಸಬೇಕೆಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿದೆ.

ಕೊನೆಯದಾಗಿ, ಸುತ್ತೋಲೆಯಿಂದ ಆಗದ ಮಾತು. ಹುಡುಗನಿಗೆ 18 ತುಂಬಿದ ಮರುದಿನ ನಡೆದ ಇದೇ ಕೃತ್ಯಕ್ಕೆ ಈಗ ತಕ್ಕ ಸೆಕ್ಷನ್ ಇಲ್ಲ. ಅತ್ಯಾಚಾರದ ವ್ಯಾಖ್ಯೆ ಮಹಿಳೆಗೆ ಮಾತ್ರ. ‘ಅಸ್ವಾಭಾವಿಕ’ ಲೈಂಗಿಕ ಕೃತ್ಯವನ್ನು ಅಪರಾಧವೆನ್ನುತ್ತಿದ್ದ ಐಪಿಸಿ 377ನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಸಮ್ಮತಿಯ ಸಂಬಂಧಗಳಿಂದ ತೆಗೆದು, ಬಲಾತ್ಕಾರಕ್ಕೆ ಉಳಿಸಿತ್ತು. 2024ರ ಜುಲೈ 1ರಂದು ಜಾರಿಯಾದ ಬಿಎನ್‌ಎಸ್‌ನಲ್ಲಿ ಅದು ಪೂರ್ತಿ ಮಾಯ. ವಿಚಿತ್ರವೆಂದರೆ ‘ಅಸ್ವಾಭಾವಿಕ ಕಾಮ’ದ ಉದ್ದೇಶದ ಹಲ್ಲೆಯನ್ನು ತಡೆಯಲು ಆತ್ಮರಕ್ಷಣೆಯಲ್ಲಿ ಪ್ರಾಣ ತೆಗೆಯುವ ಹಕ್ಕು ಸೆಕ್ಷನ್ 38ರಲ್ಲಿ ಹಾಗೆಯೇ ಇದೆ. ಅದಕ್ಕಾಗಿ ಅಪಹರಿಸಿದರೆ 140(4)ರಡಿ 10 ವರ್ಷದವರೆಗೆ ಶಿಕ್ಷೆಯೂ ಇದೆ. ಕೃತ್ಯಕ್ಕೆ ಮಾತ್ರ ಇಲ್ಲ! ಮೊದಲ ವರ್ಷದ ಕಾಲೇಜು ಹಾಸ್ಟೆಲ್‌ನ 18, 19ರ ಹುಡುಗರಿಗೆ ಇದು ನೇರವಾಗಿ ತಟ್ಟುತ್ತದೆ.

ಕ್ರಿಮಿನಲ್ ಕಾನೂನು ಕೇಂದ್ರ, ರಾಜ್ಯ ಎರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ತಿದ್ದುಪಡಿ ತರಬಹುದು. ಕರಡನ್ನು ಕಾನೂನು ಇಲಾಖೆ ಸಿದ್ಧಪಡಿಸಲಿ. ಸಮ್ಮತಿಯಿಲ್ಲದ ಕೃತ್ಯವನ್ನಷ್ಟೇ ಅಪರಾಧ ಮಾಡಲಿ, ಸಮ್ಮತಿಯ ಸಂಬಂಧಗಳ ಮೇಲೆ ಹಳೆಯ ಕತ್ತಿ ಮತ್ತೆ ತೂಗದಂತೆ ಬರೆಯಲಿ. ಅಲ್ಲಿಯವರೆಗೆ ಠಾಣೆಗಳು ‘ಸೆಕ್ಷನ್ ಇಲ್ಲ’ ಎಂದು ವಾಪಸ್ ಕಳಿಸದೆ ಗಾಯ (ಬಿಎನ್‌ಎಸ್ 115, 117), ಅಕ್ರಮ ಬಂಧನ (127), ಬೆದರಿಕೆ (351), ವಿಡಿಯೊ ಇದ್ದರೆ ಐಟಿ ಕಾಯ್ದೆಯ 66ಇ, 67ಎ, ಸುಲಿಗೆ ಇದ್ದರೆ 308 ಹಾಕಿ ಎಫ್‌ಐಆರ್ ಮಾಡಬೇಕು. ಕೃತ್ಯ 2024ರ ಜುಲೈ 1ಕ್ಕೆ ಮುಂಚಿನದಾದರೆ 377 ಇಂದಿಗೂ ಅನ್ವಯಿಸುತ್ತದೆ. ದೂರು ಕೊಡುವಾಗ ವಯಸ್ಸು 25 ಆಗಿದ್ದರೂ ಕೃತ್ಯ 18ರೊಳಗೆ, 2012ರ ನವೆಂಬರ್ 14ರ ನಂತರ ನಡೆದಿದ್ದರೆ ಅದು ಪೋಕ್ಸೊ ಪ್ರಕರಣವೇ. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಕಾಲಮಿತಿ ಇಲ್ಲ. ಇನ್ನು ಎಚ್‌ಐವಿ ತಡೆ ಮಾತ್ರೆಗೂ ಆಪ್ತಸಮಾಲೋಚನೆಗೂ ಯಾವ ಸೆಕ್ಷನ್ನೂ ಬೇಕಿಲ್ಲ. ವಯಸ್ಸು ಎಷ್ಟೇ ಇರಲಿ, ಬಾಗಿಲಿಗೆ ಬಂದವನಿಗೆ ಕೊಡಬೇಕು.

ಆಸ್ಪತ್ರೆಯ ಒಂದೇ ಕೋಣೆಯ ಆದೇಶ, ಕ್ಯಾಶುವಾಲ್ಟಿಯಲ್ಲಿ ಮೂರು ದಿನದ ಮಾತ್ರೆ, ಠಾಣೆಗೆ ಸೆಕ್ಷನ್‌ಗಳ ಪುಟ, ಬೆಂಬಲ ವ್ಯಕ್ತಿಗಳ ಬಾಕಿ ಸಂಭಾವನೆ: ಈ ನಾಲ್ಕಕ್ಕೆ ಹೊಸ ಯೋಜನೆ ಬೇಡ, ಈಗಿರುವ ಅಧಿಕಾರ ಸಾಕು. ಯಾವ ಇಲಾಖೆ ಯಾವುದನ್ನು ಯಾವ ದಿನಾಂಕದೊಳಗೆ ಮಾಡುತ್ತದೆ ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇತಿ,
ನೊಂದ ಬಾಲಕರು ಮತ್ತು ಯುವಕರ ಜೊತೆ ಆಸ್ಪತ್ರೆ, ಮಕ್ಕಳ ಕಲ್ಯಾಣ ಸಮಿತಿ, ವಿಶೇಷ ನ್ಯಾಯಾಲಯಗಳಲ್ಲಿ ಕೆಲಸ ಮಾಡುವ ವೈದ್ಯರು, ಆಪ್ತಸಮಾಲೋಚಕರು, ಬೆಂಬಲ ವ್ಯಕ್ತಿಗಳು ಮತ್ತು ವಕೀಲರು